ಚಿಪ್ಪು ಯಾರದು, ಮನೆ ಯಾರದು?

ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರುತ್ತದೆ ಎಂಬ ಮಾತು ನಮ್ಮಲ್ಲಿ ಹಳೆಯದು. ಒಬ್ಬರು ಕಟ್ಟಿದ ಮನೆಯಲ್ಲಿ ಇನ್ನೊಬ್ಬರು ಬಾಳುವುದನ್ನು ಕಂಡಾಗ ಕೊಂಚ ಅಸಮಾಧಾನದಿಂದಲೇ ಆ ಮಾತನ್ನು ಆಡುತ್ತೇವೆ. ಆದರೆ ಕಟ್ಟಿದವರು ಸತ್ತು ಎಷ್ಟೋ ಕಾಲವಾದ ಮೇಲೆ ಆ ಪಾಳುಮನೆಯ ಮರಳನ್ನು ಬಾಯಲ್ಲಿ ಹೊತ್ತು ಹೊರಗೆ ಹಾಕಿ, ಬಾಗಿಲು ಬಿಡಿಸಿಕೊಂಡು, ಅಲ್ಲಿಯೇ ಮಕ್ಕಳುಮರಿಗಳನ್ನು ಸಾಕುವ ಜೀವಿಯನ್ನು ಏನೆನ್ನೋಣ?

ಆಫ್ರಿಕದ ಟಾಂಗನಿಕಾ ಸರೋವರದಲ್ಲಿ ಅಂಥ ಮೀನುಗಳಿವೆ. ಸತ್ತ ಬಸವನಹುಳುವಿನ ಬರಿದಾದ ಚಿಪ್ಪೇ ಅವಕ್ಕೆ ಮನೆ, ಕೋಟೆ, ಹೆರಿಗೆಕೋಣೆ. ಅವುಗಳಲ್ಲಿ ಅತಿ ಚಿಕ್ಕದಾದ ‘ಮಲ್ಟಿಫ್ಯಾಸಿಯೇಟಸ್’ ಎಂಬ ಪಟ್ಟೆಪಟ್ಟೆಯ ಮೀನು ಬೆಳೆದರೂ ಮೂರು ಸೆಂಟಿಮೀಟರಿನ ಆಸುಪಾಸು. ಇದು ‘ಸಿಕ್ಲಿಡ್’ ಎಂಬ ಮೀನುಕುಲಕ್ಕೆ ಸೇರಿದ್ದು. ಈ ಕುಲ ನಮಗೆ ಅಪರಿಚಿತವೇನಲ್ಲ. 1952ರಲ್ಲಿ ಭಾರತಕ್ಕೆ ತಂದು ಬಿಟ್ಟ, ಈಗ ನಮ್ಮ ಕೆರೆಗಳಲ್ಲೆಲ್ಲ ತುಂಬಿರುವ ಜಿಲೇಬಿ ಮೀನು ಸಿಕ್ಲಿಡ್ಡೇ. ಭಾರತದ ಮೂಲನಿವಾಸಿ ಸಿಕ್ಲಿಡ್‌ಗಳು ಮೂರೇ ಬಗೆಯವು. ಅವುಗಳಲ್ಲೊಂದು ದಕ್ಷಿಣ ಕನ್ನಡದ ನದಿಗಳ ಮೀನು. ‘ಕನರೆನ್ಸಿಸ್’ ಎಂದು ಕೆನರಾದ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ.

ಚಿಪ್ಪುವಾಸಿ ಮೀನುಗಳನ್ನು ಮನೆಯಲ್ಲಿ ಸಾಕಲು ಭಾರಿ ತೊಟ್ಟಿ ಬೇಕಿಲ್ಲ. ಎರಡಡಿ ಉದ್ದದ ಗಾಜಿನ ತೊಟ್ಟಿ, ನಾಲ್ಕು ಬೆರಳು ದಪ್ಪ ಮರಳು, ಹತ್ತಿಪ್ಪತ್ತು ಚಿಪ್ಪು ಇದ್ದರೆ ಸಾಕು. ಆದರೆ ಆ ಪುಟ್ಟ ತೊಟ್ಟಿಯ ಹಿಂದೆ ಸುಮಾರು ಇನ್ನೂರು ವರ್ಷಗಳ ಚರಿತ್ರೆಯಿದೆ. ಸೋಜಿಗವೆಂದರೆ, ಆ ಚರಿತ್ರೆ ಮೊದಲಾಗುವುದೂ ಒಂದು ಚಿಪ್ಪಿನಿಂದಲೇ.

ಬಟ್ಟೆ ಹೊಲಿಯುತ್ತಿದ್ದವಳ ಪ್ರಶ್ನೆ

ಜೀನ್ ವಿಲ್ಪ್ರೂ ಪವರ್ 1794ರಲ್ಲಿ ಫ್ರಾನ್ಸಿನ ಹಳ್ಳಿಯೊಂದರಲ್ಲಿ ಹುಟ್ಟಿದವಳು. ಪ್ಯಾರಿಸಿಗೆ ಬಂದು ಹೊಲಿಗೆ, ಕಸೂತಿಯಿಂದ ಹೆಸರು ಮಾಡಿದಳು. ವ್ಯಾಪಾರಿಯೊಬ್ಬನನ್ನು 1818ರಲ್ಲಿ ಮದುವೆಯಾಗಿ ಇಟಲಿಯ ಸಿಸಿಲಿ ದ್ವೀಪದ ಮೆಸ್ಸೀನಾ ಊರಿಗೆ ಹೋದಳು. ಅಲ್ಲಿ ಕಡಲು ಅವಳ ಮನೆಬಾಗಿಲಲ್ಲೇ ಇತ್ತು. ಶಾಲೆ ಕಾಲೇಜಿನ ವಿಜ್ಞಾನ ಕಲಿಯದಿದ್ದರೂ ಕಡಲಿನ ಜೀವಿಗಳನ್ನು ನೋಡುತ್ತ ನೋಡುತ್ತ ವಿಜ್ಞಾನಿಯಾದಳು.

ಅವಳನ್ನು ಕಾಡಿದ ಪ್ರಾಣಿ ಆರ್ಗೊನಾಟ್. ಅದು ಎಂಟು ಕಾಲಿನ ಆಕ್ಟೊಪಸ್ಸಿನ ಬಳಗದ್ದು. ಆ ಬಳಗದ ಉಳಿದವಕ್ಕೆ ಇಂಥ ಚಿಪ್ಪಿಲ್ಲ. ಆದರೆ ಹೆಣ್ಣು ಆರ್ಗೊನಾಟ್ ಮಾತ್ರ ಕಾಗದದಷ್ಟು ತೆಳುವಾದ ಬಿಳಿಯ ಚಿಪ್ಪಿನೊಳಗೆ ಕುಳಿತು ತೇಲುತ್ತದೆ. ಚಿಪ್ಪಿಗೂ ಅದರ ಮೈಗೂ ಅಂಟಿಲ್ಲ. ಹಾಗಾದರೆ ಈ ಚಿಪ್ಪು ಅದರದೇ, ಇಲ್ಲ ಸನ್ಯಾಸಿ ಏಡಿಯಂತೆ ಸತ್ತ ಬೇರೊಂದು ಪ್ರಾಣಿಯಿಂದ ಎತ್ತಿಕೊಂಡದ್ದೇ? ಪಂಡಿತರು ಬಹುಕಾಲ ಈ ಬಗ್ಗೆ ವಾದ ಮಾಡುತ್ತಿದ್ದರು. ಅವರ ಕೈಗೆ ಬರುತ್ತಿದ್ದದ್ದು ಸತ್ತ ಪ್ರಾಣಿ. ಸತ್ತದ್ದು ಉತ್ತರ ಹೇಳುವುದಿಲ್ಲ.

ಪವರ್ 1832ರಲ್ಲಿ ಗಾಜಿನ ತೊಟ್ಟಿಗಳನ್ನು ಮಾಡಿಸಿ ಸಮುದ್ರದ ನೀರು ತುಂಬಿ ಆರ್ಗೊನಾಟುಗಳನ್ನು ಜೀವಂತ ಸಾಕಿ ನೋಡಿದಳು. ಕಡಲಿನಲ್ಲೇ ಲಂಗರು ಹಾಕಿ ಇಳಿಬಿಡುವ ಪಂಜರಗಳನ್ನೂ ಮಾಡಿಸಿದಳು. ಚಿಪ್ಪಿನ ಒಂದು ಚೂರು ಮುರಿದು ಕಾದಳು. ಪ್ರಾಣಿ ತಾನೇ ಅದನ್ನು ಮತ್ತೆ ಕಟ್ಟಿಕೊಂಡಿತು. ಮರಿಗಳು ಚಿಪ್ಪಿಲ್ಲದೆ ಹುಟ್ಟಿ, ಬೆಳೆಯುತ್ತ ಚಿಪ್ಪು ಕಟ್ಟಿಕೊಳ್ಳುವುದನ್ನೂ ಕಂಡಳು. ಆರ್ಗೊನಾಟಿನ ಮನೆ ಸ್ವಂತದ್ದು, ಎತ್ತಿಕೊಂಡದ್ದಲ್ಲ ಎಂದು ಸಿದ್ಧವಾಯಿತು. ಇಂದು ಮನೆಮನೆಯಲ್ಲಿ ಕಾಣುವ ಅಕ್ವೇರಿಯಂನ ಮೊದಲ ರೂಪಗಳಲ್ಲಿ ಅವಳ ತೊಟ್ಟಿಗಳನ್ನು ಎಣಿಸುತ್ತಾರೆ. ಗಾಜಿನ ತೊಟ್ಟಿ ಅಲಂಕಾರಕ್ಕೆಂದು ಹುಟ್ಟಲಿಲ್ಲ, ಚಿಪ್ಪು ಯಾರದು ಎಂಬ ಒಂದು ಪ್ರಶ್ನೆಗೆ ಉತ್ತರ ಹುಡುಕಲೆಂದು ಹುಟ್ಟಿತು.

ಕೊಳೆತ ಎಲೆ ತಿಂದ ಬಸವನಹುಳು

ತೊಟ್ಟಿಯಲ್ಲಿ ನೀರು ಕೆಡುತ್ತದೆ, ಮೀನು ಸಾಯುತ್ತದೆ. ಮೀನು ಸಾಕಿದವರಿಗೆಲ್ಲ ಗೊತ್ತಿರುವ ಈ ಕಷ್ಟಕ್ಕೆ ಪರಿಹಾರ ಹುಡುಕಿದವನು ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್. ಸುಮಾರು ಹನ್ನೆರಡು ಗ್ಯಾಲನ್ ಹಿಡಿಯುವ ಗಾಜಿನ ಪಾತ್ರೆಯಲ್ಲಿ ಎರಡು ಚಿನ್ನದ ಮೀನು ಬಿಟ್ಟು, ಉದ್ದೆಲೆಯ ನೀರುಗಿಡವೊಂದನ್ನು ನೆಟ್ಟ. ಗಿಡ ಬಿಡುವ ಆಮ್ಲಜನಕ ಮೀನಿಗೆ, ಮೀನು ಬಿಡುವ ಇಂಗಾಲಾಮ್ಲ ಗಿಡಕ್ಕೆ ಎಂಬುದು ಅವನ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಗಿಡದ ಹಳೆಯ ಎಲೆಗಳು ಕೊಳೆತು ನೀರು ಕದಡತೊಡಗಿತು. ಕೊಳದ ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತದ್ದನ್ನು ತಿಂದವು, ನೀರು ತಿಳಿಯಾಯಿತು. 1850ರಲ್ಲಿ ಈ ಪ್ರಯೋಗವನ್ನು ಅವನು ಕೆಮಿಕಲ್ ಸೊಸೈಟಿಯ ಮುಂದಿಟ್ಟ.

ಗಾಜಿನ ಮೇಲಿನ ತೆರಿಗೆಯನ್ನು ಬ್ರಿಟನ್ 1845ರಲ್ಲಿ ತೆಗೆದುಹಾಕಿತ್ತು, ಗಾಜು ಅಗ್ಗವಾಗಿತ್ತು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮೀನಿನ ಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕ ‘ಅಕ್ವೇರಿಯಂ’ ಎಂಬ ಹೆಸರನ್ನು ಜನರ ಬಾಯಿಗೆ ತಂದಿತು. ಮಧ್ಯಮವರ್ಗದ ಮನೆಗಳಲ್ಲಿ ಅದೊಂದು ಹುಚ್ಚಾಯಿತು. ರಜೆ ಬಂದರೆ ಜನ ಬುಟ್ಟಿ, ಉಳಿ ಹಿಡಿದು ಕಡಲತಡಿಗೆ ಹೋಗಿ ಬಂಡೆಗಳ ಸಂದಿಯ ಜೀವಿಗಳನ್ನೆಲ್ಲ ಕೆತ್ತಿ ತಂದರು. ಗಾಸನ ಮಗ ಎಡ್ಮಂಡ್ 1907ರಲ್ಲಿ ಬರೆದ ಆತ್ಮಕಥನದಲ್ಲಿ, ತನ್ನ ತಂದೆಯ ಪುಸ್ತಕಗಳನ್ನು ಓದಿದವರೇ ಆ ಕಡಲತಡಿಯನ್ನು ಬರಿದುಮಾಡಿದರೆಂದು ಮರುಗಿದ್ದಾನೆ. ಪ್ರೀತಿಸಿದವರ ಕೈಯಿಂದಲೇ ಬಂದ ಹಾಳು ಅದು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡೇ ಟಾಂಗನಿಕಾ ಕಡೆಗೆ ಹೊರಡಬೇಕು.

ಕಣ್ಣು ಮಂಜಾದವನು ಹೆಕ್ಕಿದ ಚಿಪ್ಪು

ಲಂಡನ್ನಿನಲ್ಲಿ ಅಕ್ವೇರಿಯಂ ಹುಚ್ಚು ಏರುತ್ತಿದ್ದ ದಶಕದಲ್ಲಿಯೇ ರಿಚರ್ಡ್ ಬರ್ಟನ್ ಮತ್ತು ಜಾನ್ ಹ್ಯಾನಿಂಗ್ ಸ್ಪೀಕ್ ನೈಲ್ ನದಿಯ ಮೂಲವನ್ನು ಹುಡುಕುತ್ತ ಪೂರ್ವ ಆಫ್ರಿಕದಲ್ಲಿ ನಡೆಯುತ್ತಿದ್ದರು. ಇಬ್ಬರೂ ಭಾರತದಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಸೈನ್ಯದಲ್ಲಿದ್ದವರು. ಅವರ ಜೊತೆಗಿದ್ದ ಸಿದಿ ಮುಬಾರಕ್ ಬಾಂಬೆ ಆಫ್ರಿಕದಲ್ಲಿ ಹುಟ್ಟಿ, ಗುಲಾಮನಾಗಿ ಗುಜರಾತಿಗೆ ಬಂದು, ಬಿಡುಗಡೆಯಾಗಿ ಹಿಂದಿರುಗಿದ್ದವನು. ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿ ಜನರ ಹಿರಿಯರೂ ಹೀಗೆಯೇ ಆಫ್ರಿಕದಿಂದ ಕಡಲು ದಾಟಿ ಬಂದವರಲ್ಲವೇ? ಸ್ಪೀಕ್ ಮತ್ತು ಬಾಂಬೆ ತಮ್ಮೊಳಗೆ ಮಾತನಾಡುತ್ತಿದ್ದದ್ದು ಹಿಂದೂಸ್ತಾನಿಯಲ್ಲಿ.

1858ರ ಫೆಬ್ರವರಿಯಲ್ಲಿ ಅವರು ಟಾಂಗನಿಕಾ ದಡ ಮುಟ್ಟಿದರು. ಅರಬ್ ವರ್ತಕರಿಗೂ ದಡದ ಜನರಿಗೂ ಚೆನ್ನಾಗಿ ಗೊತ್ತಿದ್ದ ಸರೋವರವನ್ನು ಮೊದಲು ಕಂಡ ಯುರೋಪಿಯನ್ನರು ಇವರು. ಕಂಡರೆಂದು ಹೇಳುವುದೂ ಕಷ್ಟ. ಬರ್ಟನ್ ನಡೆಯಲಾರದಷ್ಟು ಕಾಯಿಲೆಯಲ್ಲಿದ್ದ. ಕಣ್ಣುಬೇನೆಯಿಂದ ಸ್ಪೀಕನಿಗೆ ಎದುರಿನ ನೀರು ಮಂಜುಮಂಜು. ಆದರೂ ಸ್ಪೀಕ್ ದಡದಲ್ಲಿ ಚಿಪ್ಪುಗಳನ್ನು ಹೆಕ್ಕಿ ಲಂಡನ್ನಿಗೆ ಒಯ್ದ. 1859ರಲ್ಲಿ ಎಸ್.ಪಿ. ವುಡ್‌ವರ್ಡ್ ಅವನ್ನು ವರ್ಣಿಸಿದಾಗ ಒಂದು ವಿಚಿತ್ರ ಕಂಡಿತು. ಸಿಹಿನೀರಿನ ಸರೋವರದಿಂದ ಬಂದ ಈ ಚಿಪ್ಪುಗಳಲ್ಲಿ ಕೆಲವು ಕಡಲಿನ ಶಂಖಗಳಂತೆ ದಪ್ಪವಾಗಿದ್ದವು. 1880ರಲ್ಲಿ ಎಡ್ಗರ್ ಸ್ಮಿತ್, ಮಿಷನರಿ ಎಡ್ವರ್ಡ್ ಹೋರ್ ಕಳಿಸಿದ ಸಂಗ್ರಹದಿಂದ ದುಂಡಗಿನ ಇನ್ನೊಂದು ಚಿಪ್ಪನ್ನು ವರ್ಣಿಸಿ ‘ನಿಯೊಥಾಮಾ’ ಎಂದು ಹೆಸರಿಟ್ಟ. ‘ಹೊಸ ಅದ್ಭುತ’ ಎಂದು ಅದರ ಅರ್ಥ. ನಮ್ಮ ಮೀನುಗಳ ಮುಖ್ಯ ಮನೆ ಇದೇ ಚಿಪ್ಪು. ಒಳಗೆ ಬಾಡಿಗೆದಾರರಿದ್ದಾರೆಂದು ಸ್ಮಿತ್ ತನ್ನ ವಸ್ತುಸಂಗ್ರಹಾಲಯದ ಮೇಜಿನ ಮುಂದೆ ಕುಳಿತು ಅರಿಯುವ ಹಾಗಿರಲಿಲ್ಲ.

ಕಡಲಿನಂಥ ಶಂಖಗಳು ಇಲ್ಲಿ ಹೇಗೆ ಬಂದವು? ಟಾಂಗನಿಕಾ ಒಂದು ಕಾಲಕ್ಕೆ ಕಡಲಿನ ಭಾಗವೇ ಆಗಿತ್ತು, ನೆಲ ಅದನ್ನು ಬೇರ್ಪಡಿಸಿತು ಎಂದು ಜೆ.ಇ.ಎಸ್. ಮೂರ್ ವಾದಿಸಿದ. ಅದಕ್ಕೆ ಸಾಕ್ಷ್ಯ ಹುಡುಕಲು ಎರಡು ಬಾರಿ ಆಫ್ರಿಕಕ್ಕೆ ಹೋಗಿ, 1903ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದ. ವಾದ ನಿಲ್ಲಲಿಲ್ಲ. ಈ ಶಂಖಗಳು ಸರೋವರದಲ್ಲಿಯೇ ಲಕ್ಷಾಂತರ ವರ್ಷ ವಿಕಾಸಗೊಂಡವು. ಚಿಪ್ಪು ಒಡೆದು ತಿನ್ನುವ ಏಡಿಗಳು ಅಲ್ಲಿದ್ದವು; ದಪ್ಪ ಗೋಡೆಯಿದ್ದ ಶಂಖ ಬದುಕಿತು. ತಪ್ಪಾದ ಆ ವಾದದಿಂದಲೂ ಒಂದು ಲಾಭವಾಯಿತು. ಅದರ ನಿಜ ಪರೀಕ್ಷಿಸಲು 1904-05ರಲ್ಲಿ ಡಬ್ಲ್ಯು.ಎ. ಕನಿಂಗ್ಟನ್ ಮೂರನೆಯ ಯಾತ್ರೆ ಹೋದ. ಅವನು ತಂದ ಮೀನುಗಳನ್ನು ನೋಡಿ ಬ್ರಿಟಿಷ್ ಮ್ಯೂಸಿಯಂನ ಜಾರ್ಜ್ ಆಲ್ಬರ್ಟ್ ಬೂಲಾಂಜೆ 1906ರಲ್ಲಿ ಮಲ್ಟಿಫ್ಯಾಸಿಯೇಟಸ್ ಮತ್ತು ಕ್ಯಾಲಿಪ್ಟೆರಸ್ ಎಂಬ ಎರಡು ಚಿಪ್ಪುವಾಸಿಗಳಿಗೆ ಹೆಸರಿಟ್ಟ. 1909ರಲ್ಲಿ ವಿಯೆನ್ನಾದ ಸ್ಟೈಂಡಾಖ್ನರ್ ‘ಒಸೆಲ್ಲೇಟಸ್’ ಎಂಬ ಮೂರನೆಯದನ್ನು ಸೇರಿಸಿದ.

ಆದರೂ ಇವೆಲ್ಲ ಸೀಸೆಯೊಳಗಿನ ಮೀನುಗಳು. ರೆಕ್ಕೆಯ ಮುಳ್ಳು ಎಷ್ಟು, ಹುರುಪೆ ಎಷ್ಟು ಎಂದು ಎಣಿಸಿದ್ದಾಗಿತ್ತು, ಬದುಕು ಗೊತ್ತಿರಲಿಲ್ಲ. 1970ರ ದಶಕದಲ್ಲಿ ಬುರುಂಡಿಯ ಬುಜುಂಬುರಾದಿಂದ ಬೆಲ್ಜಿಯಂನ ಪಿಯರ್ ಬ್ರಿಶಾರ್ ಜೀವಂತ ಮೀನುಗಳನ್ನು ಯುರೋಪು, ಅಮೆರಿಕಗಳಿಗೆ ಕಳಿಸುತ್ತಿದ್ದ. ನೀರಿನಡಿ ಮುಳುಗಿ ನೋಡಿದ ಅನುಭವದಿಂದ 1978ರಲ್ಲಿ ಪುಸ್ತಕ ಬರೆದ. ಆಮೇಲೆ ಸರೋವರದ ತಳದಲ್ಲಿ ಮುಳುಗಿದ ವಿಜ್ಞಾನಿಗಳೂ, ಮನೆಯ ತೊಟ್ಟಿಯ ಮುಂದೆ ಕುರ್ಚಿ ಹಾಕಿ ಕುಳಿತ ಹವ್ಯಾಸಿಗಳೂ ಒಂದೇ ಕಥೆಯ ಎರಡು ತುದಿಗಳನ್ನು ಹಿಡಿದರು.

ಸುಣ್ಣದ ನೀರು

ಸರೋವರದ ತಳದಲ್ಲಿ ಅಷ್ಟೊಂದು ಬರಿ ಚಿಪ್ಪು ಏಕೆ ಬಿದ್ದಿವೆ? ಉತ್ತರ ನಮ್ಮ ಎಲೆಯಡಿಕೆ ತಟ್ಟೆಯಲ್ಲಿದೆ. ಕರಾವಳಿಯಲ್ಲಿ ಚಿಪ್ಪನ್ನು ಗೂಡಿನಲ್ಲಿ ಸುಟ್ಟು ಸುಣ್ಣ ಮಾಡುತ್ತಿದ್ದದ್ದು ಹಿರಿಯರಿಗೆ ಗೊತ್ತು. ಚಿಪ್ಪೆಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಮೆದು ನೀರಿನಲ್ಲಿ, ಅದರಲ್ಲೂ ಕೊಂಚ ಹುಳಿಯಿರುವ ನೀರಿನಲ್ಲಿ, ಅದು ನಿಧಾನವಾಗಿ ಕರಗಿ ಹೋಗುತ್ತದೆ. ಟಾಂಗನಿಕಾ ನೀರು ಹಾಗಲ್ಲ. ಅದು ಕ್ಷಾರದ ನೀರು, ಪಿ.ಎಚ್. ಮಟ್ಟ 9ರ ಹತ್ತಿರ, ಕಾರ್ಬೊನೇಟ್ ತುಂಬಿರುವಂಥದ್ದು. ಅಲ್ಲಿ ಚಿಪ್ಪು ಕರಗುವುದಿಲ್ಲ. ಬಸವನಹುಳು ಸಾಯುತ್ತದೆ, ಮನೆ ಉಳಿಯುತ್ತದೆ. ತಲೆಮಾರುಗಳ ಚಿಪ್ಪು ರಾಶಿಯಾಗಿ ತಳದಲ್ಲಿ ಹಾಸಿಕೊಂಡಿವೆ. ಭೂವಿಜ್ಞಾನಿಗಳು ಆ ಹಾಸುಗಳ ಕಾಲ ಅಳೆದಾಗ ನೂರಾರು ವರ್ಷ ಹಳೆಯ ಚಿಪ್ಪುಗಳು ಸಿಕ್ಕಿವೆ.

ಸರೋವರವೂ ಸಾಮಾನ್ಯದ್ದಲ್ಲ. ಉದ್ದ ಸುಮಾರು 670 ಕಿಲೋಮೀಟರ್. ಅತಿ ಆಳದ ಕಡೆ ಸುಮಾರು 1,470 ಮೀಟರ್. ಸೈಬೀರಿಯದ ಬೈಕಾಲ್ ಬಿಟ್ಟರೆ ಇಷ್ಟು ಆಳದ ಸರೋವರ ಲೋಕದಲ್ಲಿಲ್ಲ. ಅಲ್ಲಿರುವ ಇನ್ನೂರಕ್ಕೂ ಮಿಕ್ಕ ಸಿಕ್ಲಿಡ್ ಜಾತಿಗಳಲ್ಲಿ ಬಹುತೇಕ ಎಲ್ಲವೂ ಬೇರೆಲ್ಲೂ ಇಲ್ಲದವು. ಬಂಡೆಯ ಸಂದಿ ಸಿಕ್ಕ ಮೀನು ಬಂಡೆಯಲ್ಲಿ ನೆಲೆಸಿತು. ಬಯಲು ಮರಳಿನಲ್ಲಿ ಅಡಗುದಾಣವಿಲ್ಲದ ಸಣ್ಣ ಮೀನಿಗೆ ಚಿಪ್ಪು ಸಿಕ್ಕಿತು.

ತೊಟ್ಟಿ ಕಟ್ಟುವ ಬಗೆ

ಈ ಚರಿತ್ರೆ ತಿಳಿದರೆ ತೊಟ್ಟಿ ಕಟ್ಟುವುದು ಸುಲಭ. ಮೀನಿಗಿಂತ ಮೊದಲು ನೀರು. ಮಲೆನಾಡಿನ ತೊರೆಯ ನೀರು ಮೆದುವಾದದ್ದು, ಇದಕ್ಕೆ ಒಗ್ಗದು. ಬಯಲುಸೀಮೆಯಲ್ಲಿ ಪಾತ್ರೆಯ ಅಂಚಿಗೆ ಬಿಳಿಯ ಪದರ ಕಟ್ಟುವ, ಸೋಪು ನೊರೆಯೇಳದ ಕೊಳವೆಬಾವಿ ನೀರನ್ನು ನಾವು ಬಯ್ಯುತ್ತೇವಲ್ಲ, ಟಾಂಗನಿಕಾ ಮೀನಿಗೆ ಆ ಗಡಸು ನೀರೇ ಹತ್ತಿರದ್ದು. ಪರೀಕ್ಷೆಯ ದ್ರಾವಣದಿಂದ ಪಿ.ಎಚ್. ಅಳೆದು 8ಕ್ಕಿಂತ ಮೇಲಿರುವಂತೆ ನೋಡಿಕೊಳ್ಳಬೇಕು. ಚಿಪ್ಪಿನ ಪುಡಿ ಬೆರೆತ ಮರಳು ಅದಕ್ಕೆ ನೆರವಾಗುತ್ತದೆ. ನಲ್ಲಿ ನೀರಾದರೆ ಕ್ಲೋರಿನ್ ಕಳೆಯದೆ ಹಾಕಬಾರದು. ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್ ಸಾಕು.

ತೊಟ್ಟಿ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ ಇದ್ದರೆ ಐವತ್ತು ಲೀಟರಿನ ಆಸುಪಾಸು ನೀರು ಹಿಡಿಯುತ್ತದೆ. ವಾರಿಂಗ್ಟನ್ನನ ಪಾತ್ರೆಯ ಗಾತ್ರವೂ ಹೆಚ್ಚುಕಡಿಮೆ ಅಷ್ಟೇ. ಇವು ತಳದಲ್ಲಿ ಬಾಳುವ ಮೀನುಗಳಾದ್ದರಿಂದ ಎತ್ತರಕ್ಕಿಂತ ತಳದ ಅಗಲ ಮುಖ್ಯ. ಕಲ್ಲು ಇಡುವುದಿದ್ದರೆ ಮೊದಲು ಗಾಜಿನ ಮೇಲೆ ಇಟ್ಟು ಆಮೇಲೆ ಮರಳು ಸುರಿಯಿರಿ; ಮರಳಿನ ಮೇಲಿಟ್ಟ ಕಲ್ಲಿನ ಬುಡವನ್ನು ಈ ಮೀನು ತೋಡಿ ಉರುಳಿಸಿಬಿಡುತ್ತದೆ. ಮರಳು ನುಣುಪಾಗಿರಲಿ, ಐದಾರು ಸೆಂಟಿಮೀಟರ್ ದಪ್ಪವಿರಲಿ. ಚೂಪಾದ ಜಲ್ಲಿ ಬೇಡ. ಬಾಯಲ್ಲಿ ಹೊರುವ ಮೀನಿಗೆ ಅದು ಗಾಯ ಮಾಡುತ್ತದೆ.

ನಿಯೊಥಾಮಾ ಚಿಪ್ಪು ನಮಗೆ ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ಯುರೋಪಿನವರು ಊಟದ ಬಸವನಹುಳುವಿನ ಚಿಪ್ಪನ್ನು ಬಳಸುತ್ತಾರೆ. ನಮ್ಮ ಗದ್ದೆ, ಕೆರೆಗಳ ಅಂಚಿನಲ್ಲಿ ಬಿಸಿಲಿಗೆ ಬಿಳುಚಿ ಬಿದ್ದಿರುವ ದುಂಡಗಿನ ಶಂಖದ ಹುಳುವಿನ ಚಿಪ್ಪು ಆದೀತು. ಬರಿದಾದದ್ದನ್ನೇ ಆರಿಸಿ, ಕುದಿಸಿ, ತೊಳೆದು ಹಾಕಬೇಕು. ಚಿಪ್ಪಿಗಾಗಿ ಜೀವ ತೆಗೆಯುವುದು ಬೇಡ. ಕಡಲಿನ ಕೆಲವು ಶಂಖಗಳು ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ರಕ್ಷಿತವಾದವು; ಅಂಗಡಿಯಲ್ಲಿ ಕಂಡರೂ ಕೊಳ್ಳಬಾರದು. ಮೀನಿಗೊಂದರಂತೆ ಲೆಕ್ಕ ಹಾಕದೆ ಎರಡು ಮೂರು ಪಟ್ಟು ಚಿಪ್ಪು ಹಾಕಿದರೆ ಜಗಳ ಕಡಿಮೆ.

ಇಷ್ಟಾದ ಮೇಲೆ ಅವಸರ ಬೇಡ. ಗಾಳಿಯ ಪಂಪಿನಿಂದ ನಡೆಯುವ ಸ್ಪಂಜಿನ ಶೋಧಕ ಹಾಕಿ ನಾಲ್ಕಾರು ವಾರ ಕಾಯಬೇಕು. ಮೀನಿನ ಹೇಲಿನಿಂದ, ಮಿಕ್ಕ ಆಹಾರದಿಂದ ಅಮೋನಿಯ ಹುಟ್ಟುತ್ತದೆ. ಅದನ್ನು ಮುರಿಯುವ ಬ್ಯಾಕ್ಟೀರಿಯ ಸ್ಪಂಜಿನಲ್ಲಿ, ಮರಳಿನಲ್ಲಿ ಬೆಳೆಯಲು ಅಷ್ಟು ದಿನ ಬೇಕು. ಅವಕ್ಕೂ ತಿನ್ನಲು ಅಮೋನಿಯ ಸಿಗಬೇಕಾದ್ದರಿಂದ ದಿನವೂ ಚಿಟಿಕೆ ಮೀನಿನ ಆಹಾರ ಹಾಕುತ್ತಿರಬೇಕು. ಕ್ಷಾರದ ನೀರಿನಲ್ಲಿ ಅಮೋನಿಯ ಇನ್ನಷ್ಟು ವಿಷಕಾರಿ ಎಂಬುದನ್ನು ಮರೆಯಬಾರದು. ಅಮೋನಿಯ ಇಲ್ಲವೆಂದು ಪರೀಕ್ಷೆ ಹೇಳಿದ ಮೇಲೆ ಮೀನು ತರಬೇಕು. ಬಳಿಕ ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿದರಾಯಿತು.

ಚಿಪ್ಪಿನೊಳಗಿನ ಸಂಸಾರ

ಮೀನು ಬಿಟ್ಟ ಮರುದಿನ ಬೆಳಿಗ್ಗೆ ನೀವು ಜೋಡಿಸಿದ ಅಂದವೆಲ್ಲ ತಲೆಕೆಳಗಾಗಿರುತ್ತದೆ. ಒಸೆಲ್ಲೇಟಸ್ ಚಿಪ್ಪಿನ ಬುಡದ ಮರಳು ತೋಡಿ ಅದನ್ನು ಹೂತು, ಬಾಯಿ ಮಾತ್ರ ಮೇಲೆ ಕಾಣುವಂತೆ ಮಾಡುತ್ತದೆ. ಮಲ್ಟಿಫ್ಯಾಸಿಯೇಟಸ್ ಇದಕ್ಕೆ ವಿರುದ್ಧ. ಹೂತುಹೋದ ಚಿಪ್ಪುಗಳ ಸುತ್ತಲಿನ ಮರಳನ್ನು ಬಾಯಿ ಬಾಯಿ ಎತ್ತಿ ಹಾಕಿ, ತಗ್ಗು ಮಾಡಿ ಚಿಪ್ಪುಗಳನ್ನು ಹೊರಗೆಳೆಯುತ್ತದೆ. ಇವು ವಠಾರದಂತೆ ಗುಂಪಾಗಿ ಬಾಳುತ್ತವೆ. ಹೆಣ್ಣು ಚಿಪ್ಪಿನ ಸುರುಳಿಯ ಒಳಗೆ ಮೊಟ್ಟೆಯಿಡುತ್ತದೆ. ಕೆಲವು ದಿನಗಳಲ್ಲಿ ಚಿಪ್ಪಿನ ಬಾಯಲ್ಲಿ ಸೊಳ್ಳೆಯಷ್ಟು ಮರಿಗಳು ಇಣುಕುತ್ತವೆ. ನೆರಳು ಬಿದ್ದರೆ ಸರ್ರನೆ ಒಳಗೆ. ಬೆಳೆದ ಮರಿಗಳನ್ನು ಹಿರಿಯರು ಓಡಿಸುವುದಿಲ್ಲ. ಪಕ್ಕದ ಚಿಪ್ಪೊಂದನ್ನು ಹಿಡಿದು ಅವೂ ವಠಾರದ ನಿವಾಸಿಗಳಾಗುತ್ತವೆ.

ಕ್ಯಾಲಿಪ್ಟೆರಸ್ ಕಥೆ ಇನ್ನೂ ಸ್ವಾರಸ್ಯ. ಇದರ ಗಂಡು ಚಿಪ್ಪುಗಳನ್ನು ಬಾಯಲ್ಲಿ ಕಚ್ಚಿ ಹೊತ್ತು ತಂದು ರಾಶಿ ಹಾಕುತ್ತದೆ. ಚಿಪ್ಪು ಹೊರಬೇಕಾದರೆ ಗಂಡು ದೊಡ್ಡದಿರಬೇಕು. ಚಿಪ್ಪಿನೊಳಗೆ ಹೋಗಬೇಕಾದರೆ ಹೆಣ್ಣು ಚಿಕ್ಕದಿರಬೇಕು. ಹೀಗೆ ಗಂಡು ಹೆಣ್ಣಿಗಿಂತ ಸುಮಾರು 12 ಪಟ್ಟು ತೂಕದ್ದಾಗಿದೆ. ಹೆಣ್ಣಿಗಿಂತ ಗಂಡು ದೊಡ್ಡದಾಗಿರುವ ಪ್ರಾಣಿಗಳಲ್ಲಿ ಇಷ್ಟು ಅಂತರ ಬೇರೆಲ್ಲೂ ಕಂಡಿಲ್ಲ. ಪಕ್ಕದವನ ರಾಶಿಯಿಂದ ಚಿಪ್ಪು ಕದಿಯುವುದೂ ಉಂಟು. ಕೆಲವೊಮ್ಮೆ ಕದ್ದ ಚಿಪ್ಪಿನೊಳಗೆ ಹೆಣ್ಣೂ ಇರುತ್ತದೆ! ಇದನ್ನು ಮಾತ್ರ ಎರಡಡಿ ತೊಟ್ಟಿಯಲ್ಲಿ ಸಾಕಬಾರದು. ಗಂಡಿಗೆ ದೊಡ್ಡ ಜಾಗ ಬೇಕು.

ಕಟ್ಟಿದವರ ಋಣ

ಟಾಂಜಾನಿಯ, ಕಾಂಗೊ, ಬುರುಂಡಿ, ಜಾಂಬಿಯ ಈ ನಾಲ್ಕು ದೇಶಗಳ ಲಕ್ಷಾಂತರ ಜನ ಟಾಂಗನಿಕಾದ ಮೀನು ತಿಂದು ಬದುಕುತ್ತಾರೆ. ಆ ಸರೋವರದ ನೀರು ಬಿಸಿಯೇರುತ್ತಿದೆ. ಮೇಲಿನ ನೀರು ಬಿಸಿಯಾದಷ್ಟೂ ಆಳದ ಪೋಷಕಾಂಶ ಮೇಲೆ ಬರುವುದು ಕಡಿಮೆ. ಪಾಚಿ ಕಡಿಮೆ, ಮೀನೂ ಕಡಿಮೆ. ಸರೋವರದ ಪಾಚಿಯ ಉತ್ಪತ್ತಿ ಸುಮಾರು ಶೇ. 20ರಷ್ಟು ಇಳಿದಿರಬಹುದೆಂದು 2003ರ ಅಧ್ಯಯನವೊಂದು ಅಂದಾಜು ಮಾಡಿತು. ದಡದ ಗುಡ್ಡಗಳ ಕಾಡು ಕಡಿದಲ್ಲೆಲ್ಲ ಮಳೆ ಮಣ್ಣನ್ನು ಕೊಚ್ಚಿ ತಂದು ತಳದ ಬಂಡೆ, ಚಿಪ್ಪುಗಳ ಮೇಲೆ ಹೂಳು ಹೊದಿಸುತ್ತದೆ. ಮರಳು ಹೊರುವ ಮೀನು ಹೊಳೆ ತರುವ ಹೂಳನ್ನೆಲ್ಲ ಹೊರಬಲ್ಲುದೇ?

ಅದಕ್ಕೇ ಎಡ್ಮಂಡ್ ಗಾಸನ ಮಾತು ಇಲ್ಲಿ ನೆನಪಾಗಬೇಕು. ತೊಟ್ಟಿಗೆಂದು ಸರೋವರದಿಂದ ಹಿಡಿದು ತಂದ ಮೀನು ಬೇಡ. ಚಿಪ್ಪುವಾಸಿಗಳು ತೊಟ್ಟಿಯಲ್ಲಿ ಸಲೀಸಾಗಿ ಮರಿಮಾಡುತ್ತವೆ. ತೊಟ್ಟಿಯಲ್ಲೇ ಹುಟ್ಟಿದವನ್ನು ಕೇಳಿ ತಂದರಾಯಿತು. ಮರಿ ಹೆಚ್ಚಾದರೆ ನೆಂಟರಿಷ್ಟರಿಗೆ ಕೊಡಿ, ಕೆರೆಗೆ ಮಾತ್ರ ಬಿಡಬೇಡಿ. ಜಿಲೇಬಿ ಮೀನನ್ನು ಹೀಗೆ ಬಿಟ್ಟು ನಮ್ಮ ಕೆರೆಗಳ ಸ್ವಂತ ಮೀನುಗಳಿಗೆ ಏನಾಯಿತೆಂದು ಕಂಡಿದ್ದೇವೆ.

ಮೆಸ್ಸೀನಾದ ಆ ಹೆಣ್ಣುಮಗಳು ಗಾಜಿನ ಮುಂದೆ ಕುಳಿತು ಕೇಳಿದ ಪ್ರಶ್ನೆ ಚಿಪ್ಪು ಯಾರದು ಎಂದು. ಆರ್ಗೊನಾಟಿನ ಮಟ್ಟಿಗೆ ಉತ್ತರ ಸರಳವಾಗಿತ್ತು. ಟಾಂಗನಿಕಾ ಮೀನಿನ ಮಟ್ಟಿಗೆ ಅಷ್ಟು ಸರಳವಲ್ಲ. ಗೋಡೆ ಕಟ್ಟಿದ್ದು ಎಂದೋ ಸತ್ತ ಬಸವನಹುಳು, ಅದನ್ನು ಕರಗದಂತೆ ಕಾಯ್ದದ್ದು ಸುಣ್ಣದ ನೀರು, ಮರಳು ತೆಗೆದು ಬಾಗಿಲು ಬಿಡಿಸಿದ್ದು ಹೆಬ್ಬೆರಳಿಗಿಂತ ಚಿಕ್ಕ ಮೀನು. ಇವುಗಳಲ್ಲಿ ಒಂದು ತಪ್ಪಿದರೂ ಆ ಮನೆ ಇಲ್ಲ. ಎರಡಡಿ ತೊಟ್ಟಿಯಲ್ಲಿ ಈ ಮೂರನ್ನೂ ಹೊಂದಿಸಿ ಕೂಡಿಸಲು ನಾವು ಇಷ್ಟು ತಿಣುಕುತ್ತೇವೆ. 670 ಕಿಲೋಮೀಟರ್ ಉದ್ದದ ಸರೋವರದಲ್ಲಿ ಅವು ಒಮ್ಮೆ ಕೆಟ್ಟರೆ ಮತ್ತೆ ಹೊಂದಿಸುವವರು ಯಾರು?